ಸರಕಾರದ ಖರೀದಿ ನೀತಿ ಮತ್ತು ರಾಷ್ಟ್ರದ ಆರ್ಥಿಕ ಅಭ್ಯುದಯ

ಪೀಠಿಕೆ

ಒಂದು ಮನೆತನದ ಏಳ್ಗೆಯು ಅದರ ಗಳಿಕೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿರುತ್ತದೆಯೋ, ಆ ಗಳಿಕೆಯನ್ನು ಯಾರ ಕೈಗೆ, ಯಾವ ವಸ್ತುವಿಗಾಗಿ ಕೊಡಲಾಗುತ್ತದೆ ಎಂಬುದನ್ನೂ ಅಷ್ಟೇ ಅವಲಂಬಿಸಿರುತ್ತದೆ. ಸಂತೆಗೆ ಹೋದ ಯಜಮಾನನು ತನ್ನ ಊರಿನ ಕುಂಬಾರನ ಗಡಿಗೆಯನ್ನು ಕೊಂಡರೆ ಆ ಹಣವು ಕುಂಬಾರನ ಮನೆಯಿಂದ ಒಕ್ಕಲಿಗನ ಮನೆಗೆ, ಅಲ್ಲಿಂದ ಬಡಿಗನ ಮನೆಗೆ ಹರಿದು ಊರಲ್ಲಿಯೇ ನಾಲ್ಕು ಸಲ ಸುತ್ತುತ್ತದೆ. ದೂರದ ಊರಿನ ವಸ್ತುವನ್ನು ಕೊಂಡರೆ ಅದು ಒಮ್ಮೆಗೇ ಊರ ಗಡಿಯನ್ನು ದಾಟಿ ಹೋಗುತ್ತದೆ. ಮನೆಗೆ ಒಪ್ಪುವ ಈ ಮಾತು ನಾಡಿಗೂ ಒಪ್ಪುತ್ತದೆ. ನಾಡಿನಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಯಾರೆಂದರೆ ಸರಕಾರವೇ. ಕಚೇರಿಯ ಕಾಗದದಿಂದ ರೈಲಿನ ಗಾಲಿಯವರೆಗೆ, ಆಸ್ಪತ್ರೆಯ ಔಷಧದಿಂದ ಸೈನಿಕನ ಪಾದರಕ್ಷೆಯವರೆಗೆ ಅದು ಕೊಳ್ಳದ ವಸ್ತುವಿಲ್ಲ. ನಮ್ಮ ದೇಶದಲ್ಲಿ ಸಾರ್ವಜನಿಕ ಖರೀದಿಯ ಪ್ರಮಾಣವು ರಾಷ್ಟ್ರೀಯ ಉತ್ಪನ್ನದ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಇರಬಹುದೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗುತ್ತದೆ.

ಇಷ್ಟು ದೊಡ್ಡ ಗಿರಾಕಿಯು ಯಾವ ನಿಯಮದಂತೆ ಕೊಳ್ಳಬೇಕು? ಎಲ್ಲಕ್ಕಿಂತ ಅಗ್ಗದ ವಸ್ತುವನ್ನು ಕೊಂಡು ತೆರಿಗೆದಾರನ ಹಣವನ್ನು ಉಳಿಸಿದರೆ ಅದರ ಕರ್ತವ್ಯವು ಮುಗಿಯಿತೇ? ಅಥವಾ ಕೊಳ್ಳುವ ಕ್ರಿಯೆಯಿಂದಲೇ ನಾಡಿನ ಉದ್ಯಮಗಳನ್ನು ಬೆಳೆಸುವ ಹೊಣೆಯೂ ಅದಕ್ಕಿದೆಯೇ? ಈ ಪ್ರಶ್ನೆಯನ್ನು ನಮ್ಮ ಭಾಗದ ಉದಾಹರಣೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ಹಾದಿಯಲ್ಲಿರುವ ಮಚ್ಛೆಯ ಕೈಗಾರಿಕಾ ವಸಾಹತುವನ್ನು ಕಂಡವರಿಗೆ ಈ ಪ್ರಶ್ನೆಯು ಕೇವಲ ಅರ್ಥಶಾಸ್ತ್ರದ ಪಠ್ಯಪುಸ್ತಕದ್ದಲ್ಲ, ಅನ್ನದ ಪ್ರಶ್ನೆ ಎಂಬುದು ತಾನೇ ತಿಳಿಯುತ್ತದೆ. ಈ ಶಾಲೆಯಲ್ಲಿ ಓದಿದ ಅನೇಕರು ಇಂಥ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ಅವುಗಳ ಒಡೆಯರೂ ಆಗಿದ್ದಾರೆ.

ಖರೀದಿಯು ಹೇಗೆ ಸಾಧನವಾಗುತ್ತದೆ?

ಹೊಸ ಉದ್ಯಮಕ್ಕೆ ಸಹಾಯ ಮಾಡಲು ಸರಕಾರಕ್ಕೆ ಹಲವು ಮಾರ್ಗಗಳಿವೆ. ಸಾಲ ಕೊಡಬಹುದು, ಸಹಾಯಧನ ಕೊಡಬಹುದು, ಆಮದಿನ ಮೇಲೆ ಸುಂಕ ಹಾಕಬಹುದು, ತೆರಿಗೆಯನ್ನು ಕಡಿಮೆ ಮಾಡಬಹುದು. ಆದರೆ ಈ ಯಾವ ಮಾರ್ಗವೂ ಉದ್ಯಮಿಗೆ ಗಿರಾಕಿಯನ್ನು ತಂದುಕೊಡುವುದಿಲ್ಲ. ಸಾಲ ಪಡೆದು ಯಂತ್ರ ಹೂಡಿದವನು ಮಾಲು ಮಾರಾಟವಾಗದೆ ಸೋತ ಉದಾಹರಣೆಗಳು ಬೇಕಾದಷ್ಟಿವೆ. ಖರೀದಿಯಾದರೋ ಗಿರಾಕಿಯನ್ನೇ ಬಾಗಿಲಿಗೆ ಕರೆತರುತ್ತದೆ. ಇದರಿಂದ ಮೂರು ಬಗೆಯ ಪ್ರಯೋಜನಗಳುಂಟು.

ಮೊದಲನೆಯದು ನಿಶ್ಚಿತವಾದ ಬೇಡಿಕೆ. ಇಂತಿಷ್ಟು ಮಾಲು ಇಂತಿಷ್ಟು ವರ್ಷ ಮಾರಾಟವಾಗುತ್ತದೆಂದು ತಿಳಿದರೆ ಉದ್ಯಮಿಯು ಧೈರ್ಯದಿಂದ ಬಂಡವಾಳ ಹೂಡುತ್ತಾನೆ. ಉತ್ಪಾದನೆ ಹೆಚ್ಚಿದಂತೆ ಒಂದೊಂದು ವಸ್ತುವಿನ ತಯಾರಿಕೆಯ ವೆಚ್ಚವು ಇಳಿಯುತ್ತದೆ. ಎರಡನೆಯದು ಗುಣಮಟ್ಟದ ಶಿಸ್ತು. ಸರಕಾರವು ವಸ್ತುವಿನ ಅಳತೆ, ತೂಕ, ಬಾಳಿಕೆಗಳನ್ನು ಬರಹದಲ್ಲಿ ನಿಗದಿಪಡಿಸಿ, ಪರೀಕ್ಷಿಸಿ ಕೊಳ್ಳುವುದರಿಂದ ತಯಾರಕನು ಆ ಮಟ್ಟವನ್ನು ಮುಟ್ಟಲೇಬೇಕಾಗುತ್ತದೆ; ಒಮ್ಮೆ ಮುಟ್ಟಿದ ಮಟ್ಟವು ಅವನಿಗೆ ಬೇರೆ ಮಾರುಕಟ್ಟೆಯನ್ನೂ ತೆರೆಯುತ್ತದೆ. ಮೂರನೆಯದು ಹಂಚಿಕೆ. ಬೇಡಿಕೆಯು ರಾಜಧಾನಿಯ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿಯೇ ಕೇಂದ್ರೀಕೃತವಾಗದೆ ಸಣ್ಣವರಿಗೂ ಹಿಂದುಳಿದವರಿಗೂ ಜಿಲ್ಲೆಗಳಿಗೂ ತಲುಪುವಂತೆ ನಿಯಮಗಳನ್ನು ರೂಪಿಸಲು ಸಾಧ್ಯವಿದೆ.

ಇತಿಹಾಸದ ಪಾಠ

ಪರಕೀಯ ಆಳಿಕೆಯ ಕಾಲದಲ್ಲಿ ಈ ಸಾಧನವು ನಮ್ಮ ನಾಡಿನ ವಿರುದ್ಧವೇ ಬಳಕೆಯಾಯಿತು. ಭಾರತ ಸರಕಾರಕ್ಕೆ ಬೇಕಾದ ಸಾಮಗ್ರಿಯ ಬಹುಭಾಗವನ್ನು ಲಂಡನ್ನಿನ ಇಂಡಿಯಾ ಕಚೇರಿಯ ಮೂಲಕ ಬ್ರಿಟನ್ನಿನಲ್ಲಿ ಕೊಳ್ಳಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೋಂಡಾ, ಖಾನಾಪುರಗಳ ಕಾಡಿನ ಮೂಲಕ ರೈಲುಮಾರ್ಗವನ್ನು ಹಾಕಿದಾಗ ಭಾರತದಲ್ಲಿ ಹಳಿಗಳನ್ನು ತಯಾರಿಸುವ ಕಾರ್ಖಾನೆಯೇ ಇರಲಿಲ್ಲ. ಮಣ್ಣು ಅಗೆದವರು ನಮ್ಮವರು, ಕಲ್ಲು ಒಡೆದವರು ನಮ್ಮವರು. ಉಕ್ಕಿನ ಲಾಭವು ಮಾತ್ರ ಸಮುದ್ರದಾಚೆಯವರಿಗೆ ಸೇರಿತು.

ಈ ಸ್ಥಿತಿಯು ಬದಲಾಗಲು ಕಾರಣವಾದುದೂ ಒಂದು ಖರೀದಿಯ ವಚನವೇ. 1907ರಲ್ಲಿ ಟಾಟಾ ಉಕ್ಕಿನ ಸಂಸ್ಥೆಯು ಸ್ಥಾಪನೆಯಾದಾಗ, ವರ್ಷಕ್ಕೆ 20,000 ಟನ್ ಹಳಿಗಳನ್ನು ಹತ್ತು ವರ್ಷಗಳವರೆಗೆ ಆಮದು ಹಳಿಗಳ ಬೆಲೆಯಲ್ಲಿಯೇ ಕೊಳ್ಳಲು ಸರಕಾರವು ಒಪ್ಪಿಕೊಂಡಿತ್ತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಹೆಚ್ಚಿನ ಬೆಲೆಯನ್ನು ಕೊಡುತ್ತೇವೆಂದು ಸರಕಾರವು ಹೇಳಲಿಲ್ಲ; ಕೊಳ್ಳುತ್ತೇವೆಂದು ಮಾತ್ರ ಹೇಳಿತು. ಆ ಭರವಸೆಯೇ ಹೊಸ ಉದ್ಯಮಕ್ಕೆ ದೊಡ್ಡ ಆಧಾರವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿದೇಶದ ಸಾಮಗ್ರಿಯು ಬರುವುದು ದುರ್ಲಭವಾದಾಗ ಆಳರಸರ ಕಣ್ಣು ಇನ್ನಷ್ಟು ತೆರೆಯಿತು. 1916ರಿಂದ 1918ರವರೆಗೆ ಕಾರ್ಯ ಮಾಡಿದ ಭಾರತೀಯ ಕೈಗಾರಿಕಾ ಆಯೋಗವು ಸ್ವದೇಶದಲ್ಲಿಯೇ ಸಾಮಗ್ರಿ ಕೊಳ್ಳುವ ವ್ಯವಸ್ಥೆಯಾಗಬೇಕೆಂದು ಸೂಚಿಸಿತು. 1922ರಲ್ಲಿ ಅದಕ್ಕಾಗಿ ಪ್ರತ್ಯೇಕ ಇಲಾಖೆಯು ಜನ್ಮ ತಾಳಿತು. ಸ್ವಾತಂತ್ರ್ಯಾನಂತರ 1951ರಲ್ಲಿ ರೂಪುಗೊಂಡ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯವು ಅದೇ ಪರಂಪರೆಯನ್ನು ಮುಂದುವರಿಸಿ 2017ರಲ್ಲಿ ಮುಕ್ತಾಯಗೊಂಡಿತು.

ಸ್ವತಂತ್ರ ವ್ಯಾಪಾರವನ್ನು ಬೋಧಿಸುವ ರಾಷ್ಟ್ರಗಳೂ ಈ ಸಾಧನವನ್ನು ಬಿಟ್ಟುಕೊಟ್ಟಿಲ್ಲ. ಅಮೇರಿಕೆಯು ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಸರಕಾರದ ಖರೀದಿಯಲ್ಲಿ ಸ್ವದೇಶಿ ವಸ್ತುಗಳಿಗೆ ಆದ್ಯತೆ ಕೊಡುವ ಕಾಯದೆಯನ್ನು ಮಾಡಿತು. 1960ರ ದಶಕದ ಆರಂಭದಲ್ಲಿ ಅಲ್ಲಿ ಹೊಸದಾಗಿ ಹುಟ್ಟಿದ್ದ ಇಲೆಕ್ಟ್ರಾನಿಕ್ ಚಿಪ್ಪುಗಳಿಗೆ ಮೊದಲ ಗಿರಾಕಿಗಳಾದವರು ಕ್ಷಿಪಣಿಗಳನ್ನೂ ಚಂದ್ರಯಾನದ ನೌಕೆಯನ್ನೂ ನಿರ್ಮಿಸುತ್ತಿದ್ದ ಸರಕಾರಿ ಸಂಸ್ಥೆಗಳು. ದುಬಾರಿಯಾಗಿದ್ದ ವಸ್ತುವು ಸರಕಾರವು ಕೊಂಡಂತೆ ಕೊಂಡಂತೆ ಅಗ್ಗವಾಗಿ ಜನಸಾಮಾನ್ಯರ ಕೈಗೆ ಬಂದಿತು.

ಕಿತ್ತೂರಿನ ದೂರವಾಣಿ

ದೂರದ ಉದಾಹರಣೆಗಿಂತ ನಮ್ಮ ಜಿಲ್ಲೆಯದೇ ಆದ ಉದಾಹರಣೆಯು ಹೆಚ್ಚು ಮನವರಿಕೆ ಮಾಡಿಕೊಡುತ್ತದೆ. ವೀರರಾಣಿ ಚೆನ್ನಮ್ಮನ ಕಿತ್ತೂರು ಸ್ವಾತಂತ್ರ್ಯದ ಇತಿಹಾಸದಲ್ಲಿ ಪ್ರಸಿದ್ಧವಾಗಿರುವುದು ಎಲ್ಲರಿಗೂ ಗೊತ್ತು. ಅದೇ ಕಿತ್ತೂರು ತಾಂತ್ರಿಕ ಸ್ವಾವಲಂಬನದ ಇತಿಹಾಸದಲ್ಲಿಯೂ ಒಂದು ಸ್ಥಾನವನ್ನು ಪಡೆದಿದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1980ರ ದಶಕದ ಆರಂಭದಲ್ಲಿ ಹಳ್ಳಿಗಳಿಗೆ ದೂರವಾಣಿ ಎಂಬುದು ಕನಸಿನ ಮಾತಾಗಿತ್ತು. ವಿದೇಶೀ ವಿನಿಮಯ ಕೇಂದ್ರಗಳು ತಣ್ಣನೆಯ, ಧೂಳಿಲ್ಲದ, ವಿದ್ಯುತ್ತು ಕೈಕೊಡದ ನಗರಗಳಿಗಾಗಿ ತಯಾರಾದವು. ನಮ್ಮ ಹಳ್ಳಿಯ ಬಿಸಿಲಿಗೂ ಧೂಳಿಗೂ ಅವು ಒಗ್ಗುವಂತಿರಲಿಲ್ಲ; ಬೆಲೆಯೂ ಎಟಕುವಂತಿರಲಿಲ್ಲ. 1984ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, 36 ತಿಂಗಳ ಅವಧಿಯನ್ನೂ 36 ಕೋಟಿ ರೂಪಾಯಿಗಳ ಹಣವನ್ನೂ ನಿಗದಿಪಡಿಸಿ, ನಮ್ಮ ದೇಶಕ್ಕೆ ಒಪ್ಪುವ ಯಂತ್ರವನ್ನು ರೂಪಿಸುವಂತೆ ವಿಧಿಸಿತು. ಸ್ಯಾಮ್ ಪಿತ್ರೋಡಾ ಮತ್ತು ಜಿ. ಬಿ. ಮೀಮಾಂಸಿಯವರಂಥ ತಂತ್ರಜ್ಞರ ಮುಂದಾಳುತನದಲ್ಲಿ ತರುಣ ಎಂಜಿನಿಯರರು 128 ಪೋರ್ಟುಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ಸಿದ್ಧಪಡಿಸಿದರು. ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವುದೇ ಅದರ ವೈಶಿಷ್ಟ್ಯ. ಆ ಮಾದರಿಯ ಮೊದಲನೆಯ ಯಂತ್ರವು 1986ರಲ್ಲಿ ಕಾರ್ಯಾರಂಭ ಮಾಡಿದುದು ಕಿತ್ತೂರಿನಲ್ಲಿ.

ಇಲ್ಲಿ ಖರೀದಿಯ ಪಾತ್ರವೇನು? ಸಂಶೋಧನೆಯು ಎಷ್ಟೇ ಶ್ರೇಷ್ಠವಾಗಿದ್ದರೂ ಕೊಳ್ಳುವವರಿಲ್ಲದಿದ್ದರೆ ಅದು ಪ್ರಯೋಗಶಾಲೆಯ ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಆಗ ದೇಶದಲ್ಲಿ ವಿನಿಮಯ ಕೇಂದ್ರಗಳಿಗೆ ಮುಖ್ಯ ಗಿರಾಕಿಯೆಂದರೆ ದೂರಸಂಪರ್ಕ ಇಲಾಖೆಯೇ. ಆ ಇಲಾಖೆಯು ಸ್ವದೇಶೀ ಯಂತ್ರವನ್ನು ಕೊಳ್ಳಲು ಮುಂದಾದುದರಿಂದ ಸಾರ್ವಜನಿಕ ಮತ್ತು ಖಾಸಗಿ ತಯಾರಕರು ಅನೇಕರು ತಂತ್ರಜ್ಞಾನದ ಪರವಾನಗಿಯನ್ನು ಪಡೆದು ಉತ್ಪಾದನೆಗೆ ತೊಡಗಿದರು. ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳೂ ತಲೆಯೆತ್ತಿದವು. ನಮ್ಮ ಹಳ್ಳಿಗಳ ಬಸ್ ನಿಲ್ದಾಣಗಳ ಬಳಿ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಒಂದು ಕಾಲಕ್ಕೆ ಸಾಲುಸಾಲಾಗಿ ಕಾಣಿಸಿಕೊಂಡುದರ ಹಿಂದೆ ಈ ಸಂಶೋಧನೆ ಹೇಗೋ ಹಾಗೆ ಈ ಖರೀದಿಯೂ ಇತ್ತು.

ಗರಗದ ಮಗ್ಗ, ಬೆಂಗೇರಿಯ ಧ್ವಜ

ಕಿತ್ತೂರಿನದು ಯಂತ್ರದ ಕಥೆ. ಗರಗದ್ದು ಕೈಮಗ್ಗದ ಕಥೆ. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮೇಲೆ ಈ ಭಾಗದಲ್ಲಿ ಖಾದಿಯ ಕೆಲಸವು ಬೇರೂರಿತು. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಅದಕ್ಕೆ ತಮ್ಮ ಜೀವನವನ್ನೇ ತೆತ್ತರು. 1937ರಲ್ಲಿ ಗಾಂಧೀಜಿಯವರು ಹುದಲಿಗೂ ಬಂದುಹೋದರು. ಸ್ವಾತಂತ್ರ್ಯ ಬಂದ ಮೇಲೆ ಧಾರವಾಡ ತಾಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆಯ ನೇಯ್ಗೆಯು ನೆಲೆಗೊಂಡಿತು. 1957ರ ನವೆಂಬರ 1ರಂದು ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆಯನ್ನು ಪಡೆದು ಧ್ವಜಗಳನ್ನು ತಯಾರಿಸುತ್ತದೆ. ಅದಕ್ಕೆ ಬೇಕಾದ ಬಟ್ಟೆಯು ಬಾಗಲಕೋಟೆಯ ಹತ್ತಿರದ ತುಳಸಿಗೇರಿಯಲ್ಲಿಯೂ ನೇಯಲ್ಪಡುತ್ತದೆ.

ಸ್ವತಂತ್ರ ಭಾರತದ ಮೊಟ್ಟಮೊದಲನೆಯ ಮಾನಕ, ಅಂದರೆ ಒಂದನೆಯ ಸಂಖ್ಯೆಯ ಮಾನಕವು, ರಾಷ್ಟ್ರಧ್ವಜದ್ದೇ ಆಗಿದೆ ಎಂಬುದು ಅರ್ಥಪೂರ್ಣವಾದ ಸಂಗತಿ. 1951ರಲ್ಲಿ ಪ್ರಕಟವಾದ ಆ ಮಾನಕವು ನೂಲು, ನೇಯ್ಗೆ, ಬಣ್ಣ, ಹೊಲಿಗೆಗಳನ್ನು ಸೂಕ್ಷ್ಮವಾಗಿ ವಿಧಿಸುತ್ತದೆ. ಅಂಗೈ ಅಗಲದ ಮೇಜಿನ ಧ್ವಜದಿಂದ 21 ಅಡಿ ಉದ್ದ 14 ಅಡಿ ಅಗಲದ ಮಹಾಧ್ವಜದವರೆಗೆ ಒಂಬತ್ತು ಅಳತೆಗಳಿವೆ. ಕಚೇರಿ, ಶಾಲೆ, ಸೈನ್ಯಗಳಿಗೆ ಬೇಕಾದ ಧ್ವಜವು ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮವಿದ್ದುದರಿಂದ ನೂಲುವವರಿಗೂ ನೇಯುವವರಿಗೂ ಹೊಲಿಯುವವರಿಗೂ ಕೆಲಸ ದೊರೆಯಿತು. ಅವರಲ್ಲಿ ಬಹುಪಾಲು ಹಳ್ಳಿಯ ಹೆಣ್ಣುಮಕ್ಕಳು. ಒಂದು ನಿಯಮವು ಒಂದು ಕುಶಲ ವೃತ್ತಿಯನ್ನು ಹೇಗೆ ಉಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆದರೆ ನಿಯಮವು ಉಳಿಸಿದುದನ್ನು ನಿಯಮದ ಬದಲಾವಣೆಯು ಅಲುಗಿಸಬಲ್ಲದು. 2021ರ ಡಿಸೆಂಬರ 30ರ ತಿದ್ದುಪಡಿಯಂತೆ ಯಂತ್ರದಿಂದ ತಯಾರಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆಯಿತು. 2022ರಲ್ಲಿ ಮನೆಮನೆಯಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸುವ ಅಭಿಯಾನ ನಡೆದಾಗ, ಕೋಟಿಗಟ್ಟಲೆ ಧ್ವಜಗಳನ್ನು ಅಲ್ಪಕಾಲದಲ್ಲಿ ಅಗ್ಗವಾಗಿ ಒದಗಿಸುವುದು ಕೈಮಗ್ಗಕ್ಕೆ ಸಾಧ್ಯವಿರಲಿಲ್ಲ ಎಂಬುದು ನಿಜ. ಪ್ರತಿಯೊಂದು ಮನೆಗೂ ಧ್ವಜ ತಲುಪಬೇಕೆಂಬ ಆಶಯವೂ ಒಳ್ಳೆಯದೇ. ಆದರೆ ಬೆಂಗೇರಿಯ ಸಂಘದವರು ಎತ್ತಿದ ಆಕ್ಷೇಪವೂ ಅಷ್ಟೇ ನ್ಯಾಯವಾದುದು. ಜನರು ತಮ್ಮ ಮನೆಗೆ ಯಾವ ಧ್ವಜವನ್ನಾದರೂ ಕೊಳ್ಳಲಿ. ಸರಕಾರವು ತನ್ನ ಕಟ್ಟಡಗಳ ಮೇಲೆ ಹಾರಿಸಲು ತಾನೇ ಕೊಳ್ಳುವ ಧ್ವಜವು ಮಾತ್ರ ಖಾದಿಯದಾಗಿರಲಿ ಎಂದು ನಿಯಮ ಮಾಡಲು ಅಡ್ಡಿಯೇನಿತ್ತು? ಮಾರುಕಟ್ಟೆಗೆ ಸ್ವಾತಂತ್ರ್ಯವನ್ನು ಕೊಟ್ಟರೂ ಖರೀದಿಯಲ್ಲಿ ತತ್ತ್ವವನ್ನು ಉಳಿಸಿಕೊಳ್ಳಬಹುದೆಂಬುದೇ ಖರೀದಿ ನೀತಿಯ ವಿಶೇಷ.

ಶಾಲೆಯ ಹಾಲು ಮತ್ತು ರೈಲಿನ ಮಣ್ಣಿನ ಲೋಟ

ಶಿಕ್ಷಕರೆಲ್ಲರ ಅನುಭವಕ್ಕೆ ಬಂದಿರುವ ಮತ್ತೊಂದು ನಿದರ್ಶನವೆಂದರೆ ಕ್ಷೀರಭಾಗ್ಯ. 2013ರ ಆಗಸ್ಟ 1ರಂದು ಆರಂಭವಾದ ಈ ಯೋಜನೆಯಲ್ಲಿ ಕರ್ನಾಟಕ ಹಾಲು ಮಹಾಮಂಡಳದಿಂದ ಹಾಲಿನ ಪುಡಿಯನ್ನು ಕೊಂಡು ಶಾಲೆಯ ಮಕ್ಕಳಿಗೆ 150 ಮಿಲಿಲೀಟರಿನಷ್ಟು ಹಾಲನ್ನು ಕೊಡುವ ವ್ಯವಸ್ಥೆಯಾಯಿತು. ಹಾಲಿನ ಉತ್ಪಾದನೆಯು ಹೆಚ್ಚಿ, ಒಕ್ಕೂಟಗಳಲ್ಲಿ ಮಿಕ್ಕ ಹಾಲನ್ನು ಏನು ಮಾಡಬೇಕೆಂಬ ಚಿಂತೆಯುಂಟಾಗಿದ್ದ ಕಾಲವದು. ಒಂದೇ ಖರೀದಿಯಿಂದ ಮಗುವಿಗೆ ಪೌಷ್ಟಿಕ ಆಹಾರವೂ ಎಮ್ಮೆ ಕಟ್ಟಿದ ರೈತನಿಗೆ ಮಾರುಕಟ್ಟೆಯೂ ದೊರೆತವು. ಇದು ಸಫಲವಾದುದಕ್ಕೆ ಕಾರಣ, ಹಳ್ಳಿಯ ಹಾಲಿನ ಸಂಘದಿಂದ ಪುಡಿಯ ಕಾರ್ಖಾನೆಯವರೆಗೆ ಸಹಕಾರದ ವ್ಯವಸ್ಥೆಯು ಮೊದಲೇ ಸಿದ್ಧವಾಗಿದ್ದುದು.

ಅಂಥ ವ್ಯವಸ್ಥೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಣ್ಣಿನ ಲೋಟದ ಪ್ರಸಂಗವು ತಿಳಿಸುತ್ತದೆ. ಖಾನಾಪುರದ ಮಣ್ಣು ಹೆಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ಇದೆ. 2004ರಲ್ಲಿ ರೈಲುಗಳಲ್ಲಿ ಚಹವನ್ನು ಮಣ್ಣಿನ ಲೋಟದಲ್ಲಿಯೇ ಕೊಡಬೇಕೆಂಬ ಘೋಷಣೆಯಾದಾಗ ದೇಶದ ಕುಂಬಾರರಲ್ಲಿ ಆಶೆಯು ಚಿಗುರಿತು. ಆದರೆ ಚದುರಿಹೋಗಿರುವ ಕುಂಬಾರರಿಂದ ದಿನದಿನವೂ ಒಂದೇ ಅಳತೆಯ ಲೋಟಗಳನ್ನು ಒಡೆಯದಂತೆ ಸಂಗ್ರಹಿಸಿ ಸಾಗಿಸುವ ಏರ್ಪಾಡು ಗಟ್ಟಿಯಾಗಿ ಆಗಲಿಲ್ಲ; ಕಾಲಕ್ರಮದಲ್ಲಿ ಕಾಗದದ ಲೋಟಗಳೇ ಮೇಲುಗೈ ಪಡೆದವು. ಬೇಡಿಕೆಯ ಆಜ್ಞೆಯೊಂದೇ ಸಾಲದು, ಪೂರೈಕೆಯ ಕೈಗಳನ್ನೂ ಕಟ್ಟಬೇಕು ಎಂಬುದು ಇದರ ಪಾಠ.

ಇಂದಿನ ನಿಯಮಗಳು

ಈಗ ಜಾರಿಯಲ್ಲಿರುವ ನಿಯಮಗಳನ್ನು ಸಂಕ್ಷೇಪವಾಗಿ ನೋಡೋಣ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯದೆಯ ಆಧಾರದ ಮೇಲೆ ಕೇಂದ್ರ ಸರಕಾರವು 2012ರಲ್ಲಿ ಹೊರಡಿಸಿದ ಆಜ್ಞೆಯಂತೆ ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯ ಗೊತ್ತಾದ ಪಾಲನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಮೊದಲು ಶೇಕಡಾ 20 ಇದ್ದ ಈ ಪಾಲು 2018ರ ತಿದ್ದುಪಡಿಯಿಂದ ಶೇಕಡಾ 25ಕ್ಕೆ ಏರಿತು. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉದ್ಯಮಿಗಳಿಗೆ ಶೇಕಡಾ 4, ಮಹಿಳಾ ಉದ್ಯಮಿಗಳಿಗೆ ಶೇಕಡಾ 3 ಮೀಸಲಾಗಿವೆ. 358 ವಸ್ತುಗಳನ್ನು ಸಣ್ಣ ಉದ್ಯಮಗಳಿಂದಲೇ ಕೊಳ್ಳತಕ್ಕದ್ದೆಂದು ಗೊತ್ತುಪಡಿಸಲಾಗಿದೆ.

ಬೆಲೆಯ ವಿಷಯದಲ್ಲಿ ಈ ಆಜ್ಞೆಯು ಹೇಗೆ ನಡೆಯುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ವಸ್ತುವಿಗೆ ದೊಡ್ಡ ಸಂಸ್ಥೆಯೊಂದು ಎಲ್ಲರಿಗಿಂತ ಕಡಿಮೆಯಾಗಿ 100 ರೂಪಾಯಿ ದರವನ್ನು ಕೊಟ್ಟಿದೆ ಎನ್ನೋಣ. ಸಣ್ಣ ಕಾರ್ಖಾನೆಯೊಂದರ ದರವು 112 ರೂಪಾಯಿ. ಅದು ಕನಿಷ್ಠ ದರಕ್ಕಿಂತ ಶೇಕಡಾ 15ರ ಒಳಗಿರುವುದರಿಂದ, 100 ರೂಪಾಯಿಗೇ ಕೊಡಲು ಒಪ್ಪಿದರೆ ಒಟ್ಟು ಮಾಲಿನ ಕಾಲು ಭಾಗದಷ್ಟನ್ನು ಪೂರೈಸುವ ಅವಕಾಶವು ಅದಕ್ಕೆ ದೊರೆಯುತ್ತದೆ. ಇದರಿಂದ ಬೊಕ್ಕಸಕ್ಕೆ ಒಂದು ಕಾಸಿನ ಹೊರೆಯೂ ಇಲ್ಲ. ಹಿಂದಿನ ದಶಕಗಳಲ್ಲಿ ಸಣ್ಣ ಉದ್ಯಮಕ್ಕೆ ಶೇಕಡಾ 15ರವರೆಗೆ ಹೆಚ್ಚಿನ ಬೆಲೆಯನ್ನೇ ಕೊಡುವ ಪದ್ಧತಿಯಿತ್ತು. ಈಗ ಕೊಡುವುದು ಅವಕಾಶವನ್ನು ಮಾತ್ರ. ವೆಚ್ಚವನ್ನು ತಗ್ಗಿಸಿಕೊಳ್ಳುವ ಭಾರವು ಸಣ್ಣವನ ಹೆಗಲಿಗೆ ಬಿದ್ದಿದೆ ಎಂಬುದನ್ನು ನಾವು ಮರೆಯಬಾರದು.

2017ರ ಇನ್ನೊಂದು ಆಜ್ಞೆಯಂತೆ ಸ್ವದೇಶೀ ಅಂಶವು ಹೆಚ್ಚಾಗಿರುವ ವಸ್ತುಗಳಿಗೆ ಆದ್ಯತೆ ದೊರೆಯುತ್ತದೆ; 2020ರಲ್ಲಿ 200 ಕೋಟಿ ರೂಪಾಯಿಗಳವರೆಗಿನ ಖರೀದಿಗೆ ಸಾಮಾನ್ಯವಾಗಿ ಜಾಗತಿಕ ಟೆಂಡರು ಕರೆಯಬಾರದೆಂದು ನಿಯಮವಾಯಿತು. 2016ರಲ್ಲಿ ಆರಂಭವಾದ ಸರಕಾರದ ಇ-ಮಾರುಕಟ್ಟೆಯಾದ ಜೆಮ್ ಮೂಲಕ 2023-24ನೆಯ ಸಾಲಿನಲ್ಲಿ 4 ಲಕ್ಷ ಕೋಟಿ ರೂಪಾಯಿಗಳಿಗೂ ಮೀರಿದ ವ್ಯವಹಾರ ನಡೆಯಿತು. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯದೆಯು ಟೆಂಡರುಗಳನ್ನು ನಿಯಂತ್ರಿಸುತ್ತದೆ. ನಿರ್ದಿಷ್ಟ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡಾ 17.15, ಪರಿಶಿಷ್ಟ ಪಂಗಡದವರಿಗೆ ಶೇಕಡಾ 6.95 ಮೀಸಲಾತಿಯನ್ನು ತಿದ್ದುಪಡಿಯ ಮೂಲಕ ತರಲಾಯಿತು. ಇತ್ತ ವಿಶ್ವ ವ್ಯಾಪಾರ ಸಂಸ್ಥೆಯ ಸರಕಾರಿ ಖರೀದಿಯ ಒಪ್ಪಂದಕ್ಕೆ ಭಾರತವು ಸಹಿ ಮಾಡಿಲ್ಲ. 2010ರಿಂದ ವೀಕ್ಷಕ ಸ್ಥಾನದಲ್ಲಿದೆ. ಆದರೆ 2025ರ ಜುಲೈನಲ್ಲಿ ಬ್ರಿಟನ್ನಿನೊಡನೆ ಆದ ವ್ಯಾಪಾರ ಒಪ್ಪಂದದಲ್ಲಿ ಕೇಂದ್ರ ಸರಕಾರದ ಕೆಲವು ಖರೀದಿಗಳ ಬಾಗಿಲನ್ನು ತೆರೆಯಲು ಒಪ್ಪಿಕೊಳ್ಳಲಾಗಿದೆ. ಆದುದರಿಂದ ನಮ್ಮ ಉದ್ಯಮಗಳು ರಕ್ಷಣೆಯ ಕಾಲದಲ್ಲಿಯೇ ಬಲ ಬೆಳೆಸಿಕೊಳ್ಳುವುದು ಅವಶ್ಯವಾಗಿದೆ.

ಮಚ್ಛೆಯ ಕಾರ್ಖಾನೆ ಮತ್ತು ಬಾಕಿಯ ಹಣ

ಕಾಗದದ ಮೇಲಿನ ನಿಯಮಗಳು ಮಚ್ಛೆ, ಉದ್ಯಮಬಾಗಗಳ ಎರಕದ ಕಾರ್ಖಾನೆಗಳನ್ನು ಹೇಗೆ ಮುಟ್ಟುತ್ತವೆ? ಬೆಳಗಾವಿಯು ಎರಕದ ಕೆಲಸಕ್ಕೂ ಹೈಡ್ರಾಲಿಕ್ ಉಪಕರಣಗಳಿಗೂ ಹೆಸರಾದ ಊರು. ಇಲ್ಲಿಯ ಮಾಲಿನಲ್ಲಿ ಸರಕಾರಕ್ಕೆ ನೇರವಾಗಿ ಹೋಗುವುದಕ್ಕಿಂತ ದೊಡ್ಡ ಸಂಸ್ಥೆಗಳ ಯಂತ್ರಗಳಲ್ಲಿ ಭಾಗವಾಗಿ ಸೇರುವುದೇ ಹೆಚ್ಚು. ಸರಕಾರವು ಪಂಪನ್ನು ಕೊಂಡರೆ ಅದರ ಕವಚವು ಇಂಥ ಒಂದು ಕುಲುಮೆಯಲ್ಲಿ ಎರಕಗೊಂಡಿರಬಹುದು. ಆದುದರಿಂದ ಮೇಲಿನ ಗುತ್ತಿಗೆದಾರನಿಗೆ ಬಂದ ಆದೇಶದ ಫಲವು ಕೆಳಗಿನವನಿಗೆ ತಲುಪುತ್ತದೆಯೇ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಫಲವು ನಿಧಾನವಾಗಿ ತಲುಪುತ್ತದೆ; ಬಾಕಿಯ ಸಂಕಟವು ಮಾತ್ರ ಮೊದಲು ತಲುಪುತ್ತದೆ.

ಒಂದು ಊಹೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಒಬ್ಬ ಸಣ್ಣ ತಯಾರಕನು 10 ಲಕ್ಷ ರೂಪಾಯಿಗಳ ಮಾಲನ್ನು ಪೂರೈಸಿದನು. ಅವನ ಲಾಭವು ನೂರಕ್ಕೆ ಎಂಟು, ಅಂದರೆ 80,000 ರೂಪಾಯಿ. ಹಣವು ಎಂಟು ತಿಂಗಳು ತಡವಾಗಿ ಬಂದಿತು. ಅಷ್ಟರವರೆಗೆ ಕಬ್ಬಿಣದ ವ್ಯಾಪಾರಿಗೂ ವಿದ್ಯುತ್ತಿಗೂ ಕಾರ್ಮಿಕರಿಗೂ ಕೊಡಲು ಅವನು ಬ್ಯಾಂಕಿನಿಂದ ಶೇಕಡಾ 12ರ ಬಡ್ಡಿಯಲ್ಲಿ ಅಷ್ಟೇ ಹಣವನ್ನು ತಂದನು. ಎಂಟು ತಿಂಗಳ ಬಡ್ಡಿ 80,000 ರೂಪಾಯಿ! ವರ್ಷವಿಡೀ ಬೆಂಕಿಯ ಮುಂದೆ ದುಡಿದುದಕ್ಕೆ ಉಳಿದುದು ಬರಿಯ ಬೂದಿ. ಹೀಗೆ ಖರೀದಿಯಿಂದ ಬೆಳೆಯಬೇಕಾದವನು ಖರೀದಿಯಿಂದಲೇ ಬಳಲುತ್ತಾನೆ.

ಕಾಯದೆಯಲ್ಲಿ ಇದಕ್ಕೆ ಪರಿಹಾರವಿಲ್ಲವೆಂದಲ್ಲ. 2006ರ ಕಾಯದೆಯಂತೆ 45 ದಿನಗಳನ್ನು ಮೀರಿ ಹಣವನ್ನು ತಡೆಹಿಡಿಯುವಂತಿಲ್ಲ. ಮೀರಿದರೆ ರಿಜರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಕೊಡಬೇಕು. ದೂರು ಕೇಳಲು ಮಂಡಳಿಗಳೂ 2017ರಿಂದ ಸಮಾಧಾನ ಎಂಬ ಜಾಲತಾಣವೂ ಇವೆ. ಆದರೆ ದೂರು ಕೊಟ್ಟವನು ನಾಳೆ ಮತ್ತೆ ಅದೇ ಕಚೇರಿಯ ಬಾಗಿಲಿಗೆ ಹೋಗಬೇಕಲ್ಲ! ಈ ಅಂಜಿಕೆಯಿಂದ ಅನೇಕರು ನ್ಯಾಯವಾದ ಬಡ್ಡಿಯನ್ನೂ ಕೇಳದೆ ಸುಮ್ಮನಿರುತ್ತಾರೆ. ಕೇಳುವ ಭಾರವನ್ನು ದುರ್ಬಲನ ಮೇಲೆ ಹೊರಿಸಿದ ಹಕ್ಕು ಅರ್ಧ ಹಕ್ಕು ಮಾತ್ರ. ಬಾಕಿಯ ಬಡ್ಡಿಯು ಕೇಳದೆಯೇ ತಾನಾಗಿ ಬಿಲ್ಲಿಗೆ ಸೇರುವಂತಾದರೆ, ಶೇಕಡಾವಾರು ಮೀಸಲಾತಿಯನ್ನು ಇನ್ನಷ್ಟು ಏರಿಸುವುದಕ್ಕಿಂತ ಹೆಚ್ಚಿನ ಉಪಕಾರವಾದೀತೆಂದು ನಮ್ಮ ಅಭಿಪ್ರಾಯ.

ಆಸರೆಯು ಅಭ್ಯಾಸವಾಗಬಾರದು

ಇನ್ನೊಂದು ಪಕ್ಷವನ್ನೂ ನಿಷ್ಪಕ್ಷಪಾತವಾಗಿ ವಿವೇಚಿಸಬೇಕು. ನಿಶ್ಚಿತ ಗಿರಾಕಿಯು ಉದ್ಯಮವನ್ನು ಬೆಳೆಸುವಂತೆಯೇ ಮೈಗಳ್ಳನನ್ನಾಗಿಯೂ ಮಾಡಬಲ್ಲನು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ದೂರವಾಣಿ ಕೈಗಾರಿಕೆಯು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ, ನಾಡಿಗೆ ತಂತ್ರಜ್ಞಾನವನ್ನು ಕಲಿಸಿದ ಮಹಾಸಂಸ್ಥೆ. ಅದರ ಮಾಲನ್ನೆಲ್ಲ ಬಹುತೇಕ ಒಬ್ಬನೇ ಗಿರಾಕಿ, ಅಂದರೆ ಸರಕಾರದ ಇಲಾಖೆ, ಕೊಳ್ಳುತ್ತಿತ್ತು. 1991ರ ನಂತರ ಮಾರುಕಟ್ಟೆಯು ತೆರೆದುಕೊಂಡು ಖಾಸಗಿಯವರೂ ವಿದೇಶೀಯರೂ ಬಂದಾಗ, ಬೇರೆ ಗಿರಾಕಿಗಳನ್ನು ಹುಡುಕುವ ಅಭ್ಯಾಸವಿಲ್ಲದ ಆ ಸಂಸ್ಥೆಯು ಬಹಳ ತೊಂದರೆಗೀಡಾಯಿತು. ಇದಕ್ಕೆ ಪ್ರತಿಯಾಗಿ ಮೈಸೂರಿನ ಬಣ್ಣದ ಕಾರ್ಖಾನೆಯನ್ನು ನೋಡಬಹುದು. 1937ರಲ್ಲಿ ಸ್ಥಾಪನೆಯಾದ ಅದು 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಚುನಾವಣಾ ಆಯೋಗಕ್ಕೆ ಪೂರೈಸುತ್ತ ಬಂದಿದೆ. ಸ್ವದೇಶದ ಆದೇಶದಿಂದ ಬಂದ ಕೌಶಲ್ಯದ ಬಲದಿಂದ ಅದು ಹೊರದೇಶಗಳಿಗೂ ಶಾಯಿಯನ್ನು ಕಳಿಸುತ್ತದೆ. ಆಸರೆ ಒಂದೇ; ಒಬ್ಬರಿಗೆ ಅದು ಮಲಗುವ ಮಂಚವಾಯಿತು, ಮತ್ತೊಬ್ಬರಿಗೆ ಮೇಲೇರುವ ಏಣಿಯಾಯಿತು.

ಆದುದರಿಂದ ಖರೀದಿಯ ಬೆಂಬಲಕ್ಕೆ ಕೆಲವು ಕಟ್ಟಳೆಗಳಿರಬೇಕು. ಬೆಂಬಲದ ಅವಧಿಯು ಗೊತ್ತಾಗಿರಬೇಕು. ಒಬ್ಬನೇ ತಯಾರಕನಿಗೆ ಕೊಡದೆ ಹಲವರಿಗೆ ಹಂಚಿ ಅವರೊಳಗೆ ಸ್ಪರ್ಧೆಯನ್ನು ಉಳಿಸಬೇಕು. ಗುಣಮಟ್ಟದಲ್ಲಿ ಯಾವ ರಿಯಾಯಿತಿಯೂ ಇರಬಾರದು. ಸಣ್ಣವನ ವಸ್ತುವೆಂದು ಸಡಿಲ ವಸ್ತುವನ್ನು ಕೊಂಡರೆ ರೋಗಿಗೂ ರೈತನಿಗೂ ಮಗುವಿಗೂ ದ್ರೋಹ ಬಗೆದಂತೆ. ಯಾರಿಂದ, ಯಾವ ದರಕ್ಕೆ, ಏಕೆ ಕೊಂಡೆವೆಂಬುದು ಎಲ್ಲರಿಗೂ ಕಾಣುವಂತಿರಬೇಕು. ರಹಸ್ಯವಾದ ಖರೀದಿಯಲ್ಲಿ ಸ್ವದೇಶಿಯ ಹೆಸರು ಸ್ವಜನಪಕ್ಷಪಾತದ ಹೊದಿಕೆಯಾಗುತ್ತದೆ.

ನಮ್ಮ ಕರ್ತವ್ಯ

ಸರಕಾರವು ಹೀಗೆ ಮಾಡಲಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮಠ, ಶಾಲೆ, ಪ್ರಸಾದ ನಿಲಯ, ಸಹಕಾರಿ ಸಂಘ ಇವೆಲ್ಲವೂ ತಮ್ಮ ತಮ್ಮ ಅಳವಿಗೆ ತಕ್ಕಂತೆ ದೊಡ್ಡ ಗಿರಾಕಿಗಳೇ ಆಗಿವೆ. ದಾಸೋಹದ ಜೋಳ, ಬೆಲ್ಲ, ಬೇಳೆ, ವಿದ್ಯಾರ್ಥಿಗಳ ಸಮವಸ್ತ್ರ, ವರ್ಗದ ಬಾಕು, ಮೇಜು, ಪ್ರಯೋಗಶಾಲೆಯ ಉಪಕರಣ, ಇವನ್ನೆಲ್ಲ ನಾವು ಎಲ್ಲಿಂದ ಕೊಳ್ಳುತ್ತೇವೆ? ವಡಗಾವಿ, ಖಾಸಬಾಗ, ಶಹಾಪುರಗಳ ನೇಕಾರರ ಮಗ್ಗಗಳು ನಮ್ಮ ಊರಲ್ಲಿಯೇ ಇವೆ. ತಮಿಳುನಾಡು 1983ರಿಂದ ಬಡವರಿಗೆ ಹಂಚುವ ಸೀರೆ ಧೋತರಗಳನ್ನು ತನ್ನ ನೇಕಾರರಿಂದಲೇ ನೇಯಿಸಿ, ಕೆಲಸವಿಲ್ಲದ ತಿಂಗಳುಗಳಲ್ಲಿಯೂ ಅವರಿಗೆ ಮಜೂರಿ ದೊರೆಯುವಂತೆ ಮಾಡಿತು. ಸಮವಸ್ತ್ರದ ಬಟ್ಟೆಯನ್ನು ಆರು ತಿಂಗಳು ಮೊದಲೇ ಹೇಳಿ, ಅಳತೆಯನ್ನು ಬರೆದುಕೊಟ್ಟು, ಒಪ್ಪಿದ ದಿನ ಹಣ ಕೊಡುವ ಪದ್ಧತಿಯನ್ನು ವಿದ್ಯಾಸಂಸ್ಥೆಗಳು ಇಟ್ಟುಕೊಂಡರೆ ಎಷ್ಟೋ ಮಗ್ಗಗಳು ನಿಲ್ಲದೆ ನಡೆದಾವು. ಮಚ್ಛೆಯಲ್ಲಿ ಕಾರ್ಖಾನೆಗಳೂ ಇವೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದೆ. ನಮ್ಮ ತರುಣರು ಟೆಂಡರು ಓದುವುದನ್ನೂ ಮಾನಕವನ್ನು ಅರ್ಥ ಮಾಡಿಕೊಳ್ಳುವುದನ್ನೂ ವೆಚ್ಚದ ಲೆಕ್ಕ ಹಾಕುವುದನ್ನೂ ಕಲಿತರೆ ನಿಯಮಗಳ ಫಲವು ಜಿಲ್ಲೆಗೆ ಇಳಿಯುತ್ತದೆ. ವಾಣಿಜ್ಯದ ಶಿಕ್ಷಕರು ಇದನ್ನು ಪಾಠದೊಡನೆ ಕಲಿಸಬಹುದು. ಉದ್ಯಮಿಗಳಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದೆರಡು ದಿನ ಬಂದು ತಮ್ಮ ಅನುಭವವನ್ನು ಹಂಚಬಹುದು.

ಶರಣರು ಬಡವರ ಮೇಲೆ ಕರುಣೆ ತೋರಿದವರು ಮಾತ್ರವಲ್ಲ. ಅವರಲ್ಲಿ ನೇಯುವವರು, ಮಡಕೆ ಮಾಡುವವರು, ಬುಟ್ಟಿ ಹೆಣೆಯುವವರು, ಪಾದರಕ್ಷೆ ಹೊಲಿಯುವವರು ತಾವೇ ಇದ್ದರು. ಜೇಡರ ದಾಸಿಮಯ್ಯ, ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ಕಾಯಕದ ಹೆಸರಿನಿಂದಲೇ ಅವರನ್ನು ನೆನೆಯುತ್ತೇವೆ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ಲಕ್ಕಮ್ಮನ ಕಥೆಯು ಮಾರುವವನಿಗೆ ಮಿತಿಯನ್ನು ಕಲಿಸುತ್ತದೆ. ದುಡಿದವನ ಬೆವರು ಆರುವ ಮೊದಲೇ ಅವನ ಹಕ್ಕನ್ನು ಸಲ್ಲಿಸುವುದು ಕೊಳ್ಳುವವನ ಧರ್ಮ. ಇವೆರಡೂ ಕೂಡಿದಾಗ ಖರೀದಿಯು ಬರಿಯ ವ್ಯವಹಾರವಾಗಿ ಉಳಿಯದೆ ನಾಡನ್ನು ಕಟ್ಟುವ ಕಾಯಕವಾಗುತ್ತದೆ. ಆ ಅರಿವು ಕಚೇರಿಯ ಅಧಿಕಾರಿಯಿಂದ ಹಿಡಿದು ಪ್ರಸಾದ ನಿಲಯದ ಸಾಮಾನು ತರುವ ಮೇಲ್ವಿಚಾರಕನವರೆಗೆ ಎಲ್ಲರಲ್ಲಿಯೂ ಮೂಡಲಿ.